'ಗೆದ್ದವರು' ಎಂದು ಬರೆಯುವ ಮುನ್ನ

ಕ್ಯಾನ್ಸರ್ ಅನುಭವದ ಪುಸ್ತಕ ಕೈಗೆ ಬಂದರೆ ನಾವು ವಿಮರ್ಶಕರು ಬರೆಯುವ ಮೊದಲ ಸಾಲು ಸಿದ್ಧವಾಗಿಯೇ ಇರುತ್ತದೆ: ಮಾರಕ ರೋಗವನ್ನು ಗೆದ್ದು ಬಂದವರ ದಿಟ್ಟ ಕಥನ. ನಾನೂ ಹಾಗೆ ಬರೆದಿದ್ದೇನೆ. ಅದನ್ನು ಓದಿದ, ಸ್ವತಃ ಚಿಕಿತ್ಸೆ ಮುಗಿಸಿದ್ದ ಗೆಳತಿಯೊಬ್ಬರು ಕೇಳಿದರು: "ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್‌ಗೆ ಹೋಗುವಾಗ ಕೈ ನಡುಗುತ್ತಲ್ಲ, ಅದನ್ನ ಯಾವ ಲೆಕ್ಕಕ್ಕೆ ಸೇರಿಸ್ತೀರಿ?" ನನ್ನಲ್ಲಿ ಉತ್ತರವಿರಲಿಲ್ಲ.

ಚಿಕಿತ್ಸೆ ಮುಗಿದ ಮೇಲೆ ಮನೆಯವರು, ನೆಂಟರು 'ಎಲ್ಲ ಸರಿಹೋಯ್ತಲ್ಲ' ಅನ್ನುತ್ತಾರೆ. ಭಯ ಹೇಳಿಕೊಳ್ಳಲು ಆಮೇಲೆ ಜಾಗವೇ ಇರುವುದಿಲ್ಲ. ಬರವಣಿಗೆ ಅಂಥ ಜಾಗವಾದೀತೆ? 1986ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜೇಮ್ಸ್ ಪೆನ್ನಿಬೇಕರ್ ಮತ್ತು ಸಾಂಡ್ರಾ ಬೀಲ್ ಒಂದು ಅಧ್ಯಯನ ಪ್ರಕಟಿಸಿದರು. ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷದಂತೆ 4 ದಿನ ತಮ್ಮ ಬದುಕಿನ ಆಘಾತಗಳ ಬಗ್ಗೆ ಬರೆದರು. ಬರೆದ ತಕ್ಷಣ ಅವರ ಮನಸ್ಸು ಇನ್ನಷ್ಟು ಕುಗ್ಗಿತ್ತು. ಆದರೆ ಘಟನೆಯನ್ನೂ ಭಾವನೆಯನ್ನೂ ಕೂಡಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿ ಹೋದದ್ದು ಕಡಿಮೆ. ಕ್ಯಾನ್ಸರ್ ಕಂಡವರೊಡನೆ ಇಂಥ ಪ್ರಯೋಗ ನಡೆದಾಗ ಫಲ ಎಲ್ಲ ಕಡೆ ಒಂದೇ ಥರ ಬಂದಿಲ್ಲ. ಇದನ್ನು ಔಷಧಿ ಎನ್ನಲಾಗದು. ಆದರೆ ಈ ಬಗೆಯ ಬರವಣಿಗೆಯ ಒಂದು ನಿಯಮ ನಮಗೆ ಮುಖ್ಯ: ಕಾಗುಣಿತ, ವ್ಯಾಕರಣದ ಚಿಂತೆ ಬೇಡ, ಯಾರನ್ನೂ ಮೆಚ್ಚಿಸಬೇಕಿಲ್ಲ.

ಅಚ್ಚಾಗುವ ಪುಸ್ತಕಕ್ಕೆ ಆ ಸ್ವಾತಂತ್ರ್ಯ ಸುಲಭವಲ್ಲ. ಅದನ್ನು ಉಳಿಸಿಕೊಂಡವರಲ್ಲಿ ಕಪ್ಪು ಅಮೆರಿಕನ್ ಕವಿ ಆಡ್ರಿ ಲಾರ್ಡ್ ಒಬ್ಬರು. 1978ರಲ್ಲಿ ಶಸ್ತ್ರಚಿಕಿತ್ಸೆಯಿಂದ ಒಂದು ಸ್ತನ ಕಳೆದುಕೊಂಡ ಅವರು 1980ರಲ್ಲಿ 'ದ ಕ್ಯಾನ್ಸರ್ ಜರ್ನಲ್ಸ್' ಪ್ರಕಟಿಸಿದರು. ಅಲ್ಲಿ ಪ್ರಬಂಧದ ನಡುವೆ ದಿನಚರಿಯ ಭಯ, ಸಿಟ್ಟು ಹಾಗೇ ಇವೆ. ಆಸ್ಪತ್ರೆಯಲ್ಲಿ ಕೊಟ್ಟ, ಉಣ್ಣೆ ತುಂಬಿದ ತಿಳಿಗುಲಾಬಿ ಬಣ್ಣದ ಕೃತಕ ಸ್ತನವನ್ನು ಅವರು ಒಪ್ಪುವುದಿಲ್ಲ. ಅದಿಲ್ಲದೆ ಬಂದರೆ ಇತರರ ಮನೋಸ್ಥೈರ್ಯ ಕುಗ್ಗುತ್ತದೆ ಎಂದು ಕ್ಲಿನಿಕ್ಕಿನ ನರ್ಸ್ ಹೇಳಿದ್ದನ್ನೂ ಬರೆಯುತ್ತಾರೆ. ನೋಡುವವರ ಸಮಾಧಾನಕ್ಕೆ ನಾನೇಕೆ ಗಾಯ ಮುಚ್ಚಿಕೊಳ್ಳಬೇಕು ಎಂಬುದು ಅವರ ತಕರಾರು. ಕ್ಯಾನ್ಸರ್ ಹರಡಿ 1992ರಲ್ಲಿ ಅವರು ತೀರಿಕೊಂಡರು. ಗೆಲುವೇ ಅಳತೆಯಾದರೆ ಈ ಪುಸ್ತಕ ಸೋತಿರಬೇಕಿತ್ತು. ಅದು ಇಂದಿಗೂ ಓದಿಸಿಕೊಳ್ಳುತ್ತಿದೆ.

ಕನ್ನಡದಲ್ಲೂ ಭಾರತಿ ಬಿ.ವಿ. ಅವರ 'ಸಾಸಿವೆ ತಂದವಳು' ಕೃತಿಯಂಥ ಕ್ಯಾನ್ಸರ್ ಕಥನಗಳಿವೆ. ಅಂಥ ಪುಸ್ತಕಗಳಿಗೆ ನಾವು ಅಂಟಿಸುವ 'ಗೆದ್ದವರು' ಎಂಬ ಮಾತೂ ನೋಡುವವರ ಸಮಾಧಾನಕ್ಕೆ ತುಂಬಿದ ಉಣ್ಣೆಯೇ. ಇನ್ನು ಮೇಲೆ ಮೊದಲ ಸಾಲು ಬರೆಯುವ ಮುನ್ನ, ಕೈ ನಡುಗಿದ ಪುಟ ಎಲ್ಲಿದೆಯೆಂದು ಹುಡುಕಿಕೊಳ್ಳುತ್ತೇನೆ.