ಯಕ್ಕಾ ಬೆಟ್ಟದ ಮಾದರಿ: ಒಂದು ಸಂಖ್ಯೆ ಹೊತ್ತ ಭಾರ

ನೆವಾಡಾದ ಯಕ್ಕಾ ಬೆಟ್ಟದಡಿ ಅಣುತ್ಯಾಜ್ಯ ಹೂಳಲು ಅಮೆರಿಕದ ಇಂಧನ ಇಲಾಖೆ ಕಟ್ಟಿದ ಗಣಕ ಮಾದರಿಗೆ ತಜ್ಞರಲ್ಲಿ ದೊಡ್ಡ ಹೆಸರಿದೆ. ಮಳೆನೀರು ಇಂಗುವುದರಿಂದ ಹಿಡಿದು ಬಾವಿನೀರು ಕುಡಿದವರ ಮೈಸೇರುವ ವಿಕಿರಣದವರೆಗೆ ಹತ್ತು ಲಕ್ಷ ವರ್ಷಗಳ ಲೆಕ್ಕ ಅದರಲ್ಲಿದೆ. ಗಾತ್ರ ನೋಡಿ ಬಂದ ಹೆಸರು ಅದು. ಅಡಿಪಾಯ ಕೆದಕಿದವರು ಅಷ್ಟು ಹೊಗಳಲಾರರು.

ಆ ಅಡಿಪಾಯದಲ್ಲಿ ವಿಕಿರಣ ಧಾತುಗಳ ಚಲನೆಯ ಲೆಕ್ಕಕ್ಕೆ ಜೀವಾಳ ಹಂಚಿಕೆ ಗುಣಾಂಕ. ನೀರಿನಲ್ಲಿರುವ ವಿಕಿರಣ ಧಾತು ಎಷ್ಟು ಕಲ್ಲಿಗೆ ಅಂಟುತ್ತದೆ, ಎಷ್ಟು ನೀರಿನೊಂದಿಗೆ ಸಾಗುತ್ತದೆ ಎಂಬುದನ್ನು ಈ ಸಂಖ್ಯೆ ಹೇಳುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ಧಾತುವಿನ ನಡಿಗೆ ನಿಧಾನ. ಅಳೆಯುವ ರೂಢಿಯ ಕ್ರಮ ಸರಳ: ಕಲ್ಲನ್ನು ಪುಡಿಮಾಡಿ, ಧಾತು ಬೆರೆತ ನೀರಿಗೆ ಹಾಕಿ ಕುಲುಕಿ, ನೀರಿನಲ್ಲಿ ಉಳಿದದ್ದನ್ನು ಎಣಿಸುವುದು. ಪುಡಿಯ ಕಣಕಣಕ್ಕೂ ನೀರು ತಾಗುತ್ತದೆ. ಬೆಟ್ಟದಲ್ಲಿ ನೀರು ಬಿರುಕು ಹಿಡಿದು ಇಳಿದರೆ ಮೊದಲು ತಾಗುವುದು ಬಿರುಕಿನ ಗೋಡೆಗಷ್ಟೆ; ಅಲ್ಲಿಂದ ಕಲ್ಲಿನೊಳಕ್ಕೆ ಎಷ್ಟು ಇಳಿಯುತ್ತದೆ ಎಂಬುದು ಇನ್ನೊಂದು ಅಂದಾಜು. ಅಂಟುವುದೂ ಬಿಡುವುದೂ ತಕ್ಷಣವೇ ನಡೆಯುತ್ತದೆ ಎಂಬ ಊಹೆಯೂ ಆ ಗುಣಾಂಕದೊಳಗೇ ಅಡಗಿದೆ.

ಇಂಥ ಲೆಕ್ಕ ಎಲ್ಲಿ ತಪ್ಪಬಹುದೆಂಬುದಕ್ಕೆ ಉದಾಹರಣೆ ಹತ್ತಿರದಲ್ಲೇ ಇದೆ. 1968ರಲ್ಲಿ ಅದೇ ನೆವಾಡಾದ ನೆಲದಡಿ ಬೆನ್‌ಹ್ಯಾಮ್ ಅಣುಸ್ಫೋಟ ಪರೀಕ್ಷೆ ನಡೆಯಿತು. ಅದರ ಪ್ಲುಟೋನಿಯಂ 1.3 ಕಿಲೋಮೀಟರ್ ದೂರದ ಕೊಳವೆಬಾವಿಗಳಲ್ಲಿ ಸಿಕ್ಕಿತೆಂದು 1999ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಲೇಖನ ಬಂತು. ಪ್ರಮಾಣ ಅತ್ಯಲ್ಪ, ಆದರೆ ಕಲ್ಲಿಗೆ ಬಲವಾಗಿ ಅಂಟುವುದೆಂದೇ ಹೆಸರಾದ ಧಾತು ನೀರಿನಲ್ಲಿ ತೇಲುವ ಕಲಿಲ ಕಣಗಳ ಮೇಲೆ ಸವಾರಿ ಮಾಡಿತ್ತು. ಮಾದರಿಯಲ್ಲಿ ಕಲಿಲಗಳಿಗೂ ಜಾಗವಿದೆ, ನಿಜ. ಎಷ್ಟು ಪಾಲು ಹಾಗೆ ಸಾಗೀತು ಎಂಬುದಕ್ಕೆ ಮತ್ತೆ ಅಂದಾಜಿನ ಅಂಕಿಗಳೇ ಆಸರೆ.

ಮಾದರಿಯನ್ನು ಬೈಯುವವರ ಮೇಲೂ ನನಗೆ ತಕರಾರಿದೆ. ಅಂತರ್ಜಲ ಮಾದರಿಗಳು ಸರಿಯೆಂದು ಸಾಬೀತು ಮಾಡಲಾಗದು ಎಂದು ಜಲವಿಜ್ಞಾನಿಗಳಾದ ಕೋನಿಕೋ, ಬ್ರೆಡೆಹೂಫ್ಟ್ 1992ರಲ್ಲಿ ವಾದಿಸಿದರು. ನವೋಮಿ ಒರೆಸ್ಕಿಸ್ ಮತ್ತು ಸಂಗಡಿಗರು 1994ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಆ ವಾದವನ್ನು ಇನ್ನಷ್ಟು ವಿಸ್ತರಿಸಿದರು. ವಾದ ಸರಿಯೇ. ಅದನ್ನೇ ಮಂತ್ರದಂತೆ ಜಪಿಸುವವರು ಮಾತ್ರ ಎಲ್ಲ ಮಾದರಿಗಳನ್ನೂ ಒಂದೇ ಏಟಿಗೆ ತಳ್ಳಿಹಾಕುತ್ತಾರೆ. ಯಾವ ಊಹೆ ಎಲ್ಲಿ ಮುರಿಯುತ್ತದೆಂದು ತೋರಿಸುವ ಶ್ರಮ ಅವರಿಗೆ ಬೇಡ. ಮಾದರಿಗಳು ಪ್ರಶ್ನೆ ಎತ್ತಲು ನೆರವಾಗುತ್ತವೆಂದು ಒರೆಸ್ಕಿಸ್ ಬಳಗವೇ ಒಪ್ಪಿದೆ. ಅಣುತ್ಯಾಜ್ಯದಲ್ಲಿರುವ ವಿಕಿರಣ ಧಾತು ಟೆಕ್ನೀಷಿಯಂ-99 ಕಲ್ಲಿಗೆ ಹೆಚ್ಚುಕಡಿಮೆ ಅಂಟದೆ ನೀರಿನ ವೇಗದಲ್ಲೇ ಸಾಗೀತು ಎಂದು ಎಚ್ಚರಿಸುವುದೂ ಇಂಥ ಲೆಕ್ಕಗಳೇ.

ಯಕ್ಕಾ ಮಾದರಿ ಎಚ್ಚರಿಸಲು ಯೋಗ್ಯ. ಹತ್ತು ಲಕ್ಷ ವರ್ಷಗಳ ಭರವಸೆ ಕೊಡಲು ಯೋಗ್ಯವಲ್ಲ. ಮುಂದೆ ಯಾವ ದೇಶ ಎಲ್ಲೇ ಹೂಳಲಿ, ಅಂತಿಮ ಅಂಕಿಯನ್ನು ನಂಬುವ ಮೊದಲು ಗುಣಾಂಕವನ್ನು ಅಳೆದದ್ದು ಪುಡಿಯಲ್ಲೋ ಬಿರುಕು ಬಿಟ್ಟ ಬಂಡೆಯಲ್ಲೋ ಎಂದು ಜನ ಕೇಳಲೇಬೇಕು.