ಕಂಡರೆ ಸಾಲದು, ಅಳೆಯಬೇಕು

ರಾಡಾರಿನ ಕಣ್ಣು ತಪ್ಪಿಸುವ ಸ್ಟೆಲ್ತ್ ವಿಮಾನಕ್ಕೆ ಮಲ್ಟಿಸ್ಟಾಟಿಕ್ ರಾಡಾರೇ ಮದ್ದು ಎಂಬ ಮಾತು ಆಗಾಗ ಕೇಳಿಬರುತ್ತದೆ. ಟ್ರಾನ್ಸ್‌ಮಿಟರ್ ಒಂದು ಕಡೆ, ರಿಸೀವರ್‌ಗಳು ನಾಲ್ಕು ಕಡೆ. ಒಂದಕ್ಕೆ ತಪ್ಪಿದ ಪ್ರತಿಧ್ವನಿ ಇನ್ನೊಂದಕ್ಕೆ ಸಿಗುತ್ತದೆ, ಸಿಕ್ಕಮೇಲೆ ಸ್ಥಾನ, ವೇಗ ಎಲ್ಲ ಬರೀ ಲೆಕ್ಕ. ಈ ತಂತ್ರವನ್ನು ನಾನೂ ಮೆಚ್ಚಿದವನೇ. ನನ್ನ ತಕರಾರಿರುವುದು ಆ ‘ಬರೀ ಲೆಕ್ಕ’ದ ಬಗ್ಗೆ.

1935ರ ಫೆಬ್ರವರಿ 26ರಂದು ಇಂಗ್ಲೆಂಡಿನ ಡ್ಯಾವೆಂಟ್ರಿ ಬಳಿ ನಡೆದ ರಾಡಾರ್ ಪ್ರಯೋಗವನ್ನೇ ನೋಡಿ. ಬಿಬಿಸಿಯ ಶಾರ್ಟ್‌ವೇವ್ ಅಲೆ ಹೇಫರ್ಡ್ ಬಾಂಬರಿಗೆ ತಾಗಿ ಚದುರಿತು. ಹೊಲದಲ್ಲಿ ನಿಂತ ವ್ಯಾನಿನೊಳಗೆ ಆಸಿಲೋಸ್ಕೋಪಿನ ಬೆಳಕಿನ ಚುಕ್ಕೆ ಹಿಗ್ಗಿ ಕುಗ್ಗಿತು. ವಿಜ್ಞಾನಿಗಳಾದ ವಾಟ್ಸನ್-ವಾಟ್, ವಿಲ್ಕಿನ್ಸ್ ಸುಮಾರು 8 ಮೈಲಿವರೆಗೆ ವಿಮಾನದ ಸುಳಿವು ಹಿಡಿದರು. ಅದು ಎಲ್ಲಿದೆ, ಎತ್ತ ಹೋಗುತ್ತಿದೆ ಎಂಬುದನ್ನು ಆ ಚುಕ್ಕೆ ಹೇಳಲಿಲ್ಲ.

ಯಾಕೆಂದು ತಿಳಿಯಲು ಎರಡು ಮೊಳೆ, ಒಂದು ದಾರ ಸಾಕು. ಒಂದು ಮೊಳೆ ಟ್ರಾನ್ಸ್‌ಮಿಟರ್, ಇನ್ನೊಂದು ರಿಸೀವರ್. ಅಲೆ ಸಾಗಿದ ಒಟ್ಟು ದೂರ ದಾರದ ಉದ್ದ. ದಾರ ಬಿಗಿಹಿಡಿದು ಪೆನ್ಸಿಲ್ ಸುತ್ತಿಸಿದರೆ ದೀರ್ಘವೃತ್ತ. ಗುರಿ ಅದರ ಮೇಲೆ ಎಲ್ಲೋ ಇದೆ. ಎರಡನೆಯ ರಿಸೀವರಿನ ದೀರ್ಘವೃತ್ತ ಅದನ್ನು ದಾಟುವಲ್ಲಿ ಗುರಿ ಸಿಗುತ್ತದೆ. ಇಷ್ಟನ್ನು ಎಲ್ಲರೂ ಹೇಳುತ್ತಾರೆ, ಗೆರೆಗೆ ದಪ್ಪವಿದೆ ಎಂಬುದನ್ನು ಮಾತ್ರ ಬಿಡುತ್ತಾರೆ. ಗಡಿಯಾರ 10 ನ್ಯಾನೊಸೆಕೆಂಡ್ ತಪ್ಪಿದರೆ ದಾರ 3 ಮೀಟರ್ ತಪ್ಪುತ್ತದೆ. ಗೆರೆಯೂ 3 ಮೀಟರ್ ದಪ್ಪ ಎಂದಿಟ್ಟುಕೊಳ್ಳಿ. ಲಂಬವಾಗಿ ದಾಟಿದರೆ ಅನುಮಾನದ ಜಾಗ ಸುಮಾರು 4 ಮೀಟರ್ ಉದ್ದ. 5 ಡಿಗ್ರಿ ಓರೆಯಲ್ಲಿ ದಾಟಿದರೆ ಸುಮಾರು 69 ಮೀಟರ್. ಅದೇ ಓರೆಯಲ್ಲಿ ಇನ್ನೂ ಹತ್ತು ರಿಸೀವರ್ ಸೇರಿಸಿದರೂ ಪ್ರಯೋಜನ ಕಡಿಮೆ. ಎಣಿಕೆಗಿಂತ ಕೋನ ಮುಖ್ಯ.

ಸ್ಟೆಲ್ತ್‌ಗೆ ಇದೇ ಮದ್ದು ಎನ್ನುವ ವಾದದ ಅತ್ಯಂತ ಬಲವಾದ ಆಧಾರವೂ ಇಲ್ಲೇ ಕುಸಿಯುತ್ತದೆ. ಟ್ರಾನ್ಸ್‌ಮಿಟರ್-ರಿಸೀವರ್ ನಡುವಿನ ನೇರಗೆರೆಯನ್ನು ವಿಮಾನ ದಾಟುವಾಗ ಅದರ ನೆರಳಿನತ್ತ ಅಲೆ ಜೋರಾಗಿ ಚದುರುತ್ತದೆ. ಅಲೆ ಹೀರುವ ಲೇಪನ ಅದನ್ನು ಅಡಗಿಸಲಾರದು. ನಿಜ. ಆದರೆ ಆ ಗೆರೆಯ ಮೇಲೆ ದಾರ ಎರಡು ಮೊಳೆಗಳ ನಡುವೆ ನೆಟ್ಟಗೆ ಬಿಗಿದಿರುತ್ತದೆ, ಗುರಿ ಎಲ್ಲಿದ್ದರೂ ಒಟ್ಟು ದೂರ ಒಂದೇ. ಡಾಪ್ಲರ್, ಅಂದರೆ ಗುರಿಯ ಚಲನೆಯಿಂದ ಅಲೆಯ ಆವರ್ತನದಲ್ಲಾಗುವ ಬದಲಾವಣೆ, ಕೊಡುವುದು ಟ್ರಾನ್ಸ್‌ಮಿಟರ್, ರಿಸೀವರ್ ಎರಡೂ ದಿಕ್ಕಿನ ವೇಗಾಂಶಗಳ ಮೊತ್ತ; ಅಲ್ಲಿ ಅವು ಒಂದನ್ನೊಂದು ಅಳಿಸಿ ಸೊನ್ನೆಯಾಗುತ್ತವೆ. ವಿಮಾನ ಚೆನ್ನಾಗಿ ಕಾಣುವ ಕಡೆಯೇ ಅಳತೆ ತೀರಾ ಕೆಡುತ್ತದೆ.

ದಾಟುವ ಮುಂಚೆ, ಆಮೇಲೆ ಡಾಪ್ಲರ್ ಬದಲಾಗುವ ಬಗೆಯಿಂದ ಪಥ ಕಟ್ಟಬಹುದಲ್ಲ ಎನ್ನಬಹುದು. ಒಂದೇ ವಿಮಾನ ನೆಟ್ಟಗೆ ಹಾರುತ್ತಿದ್ದರೆ ಸರಿ. ನಾಲ್ಕು ಬಂದರೆ ಯಾವ ಪ್ರತಿಧ್ವನಿ ಯಾವುದರದು? ತಪ್ಪಾಗಿ ಜೋಡಿಸಿದ ದೀರ್ಘವೃತ್ತಗಳು ಖಾಲಿ ಆಕಾಶದಲ್ಲೂ ದಾಟಿ ಸುಳ್ಳು ಗುರಿ ಎಬ್ಬಿಸುತ್ತವೆ. ಆ ಸುಳ್ಳನ್ನು ಸೋಸುವುದರಲ್ಲಿ ಹೆಚ್ಚುವರಿ ರಿಸೀವರ್ ನಿಜಕ್ಕೂ ದುಡಿಯುತ್ತದೆ, ಅದನ್ನು ಒಪ್ಪುತ್ತೇನೆ.

ಹೊಗಳುವವರು ಉತ್ತರ ಯುರೋಪಿನ ಐಸ್ಕ್ಯಾಟ್ ಸಂಶೋಧನಾ ರಾಡಾರನ್ನು ತೋರಿಸಬಹುದು. ಟ್ರಾಮ್ಸೊದಿಂದ ಅಲೆ ಕಳಿಸಿ, ಕಿರುನಾ, ಸೊಡಾಂಕ್ಯುಲಾಗಳಲ್ಲೂ ಹಿಡಿದು, ಅಯಾನುಗೋಳದ ಪ್ಲಾಸ್ಮಾ ವೇಗದ ಮೂರೂ ಅಂಶಗಳನ್ನು ಅಳೆದ ಸೊಗಸಾದ ಕೆಲಸ ಅದು. ಆದರೆ ಅಲ್ಲಿ ಅಳೆಯುವ ಜಾಗವನ್ನು ಮೊದಲೇ ಆರಿಸಿ, ಮೂರೂ ಆಂಟೆನಾಗಳನ್ನು ಅತ್ತಲೇ ತಿರುಗಿಸುತ್ತಿದ್ದರು. ಸ್ಥಾನವನ್ನು ಯಾರೂ ಹುಡುಕಬೇಕಿರಲಿಲ್ಲ.