ಹಕ್ಕಿಗಾಗಿ ಮರುಗಿದ ಬೇಟೆಗಾರ

ಆಲ್ಫ್ರೆಡ್ ವಾಲೇಸ್ 1869ರಲ್ಲಿ ಪ್ರಕಟಿಸಿದ ‘ದಿ ಮಲಯ್ ಆರ್ಕಿಪೆಲಗೊ’ ಓದ್ತಾ ಒಂದು ಕಡೆ ತಡೆದು ನಿಂತೆ. 1857, ನ್ಯೂಗಿನಿ ಪಕ್ಕದ ಅರು ದ್ವೀಪದ ಮಳೆಕಾಡು. ಕೆಂಪು ಬೆನ್ನು, ಬಿಳಿ ಹೊಟ್ಟೆ, ಬಾಲದ ಎರಡು ತಂತಿಗಳ ತುದಿಯಲ್ಲಿ ಹಸಿರು ಸುರುಳಿ. ಸ್ವರ್ಗದ ಹಕ್ಕಿಗಳಲ್ಲೇ ಪುಟ್ಟದು, ಕೈಗೆ ಬಂದಾಗ ಸತ್ತಿದೆ. ನಾಗರಿಕರು ಇಲ್ಲಿಗೆ ಕಾಲಿಟ್ಟರೆ ಇದು ಅಳಿದುಹೋಗುತ್ತೆ, ಜೀವಿಗಳೆಲ್ಲ ಮನುಷ್ಯನಿಗಾಗಿ ಹುಟ್ಟಿದವಲ್ಲ ಅಂತ ಆತ ಮರುಗುತ್ತಾನೆ. ಆದರೆ ಹಕ್ಕಿ, ಕೀಟಗಳನ್ನ ಲಂಡನ್ನಿಗೆ ಕಳಿಸಿ ಮಾರಿಯೇ ಆತನ ಪ್ರವಾಸ ಸಾಗಿದ್ದು! ಆ ಮಾತನ್ನ ತನ್ನ ಕಡೆಗೇ ತಿರುಗಿಸಿಕೊಳ್ಳದ್ದು ಆ ಪುಟದ ಕೊರತೆ. ಆದರೂ ಕೋವಿಯನ್ನ ಎಲ್ಲೂ ಬಚ್ಚಿಡಲಿಲ್ಲ. ಇವತ್ತಿನ ವನ್ಯಜೀವಿ ಚಿತ್ರಗಳಲ್ಲಿ ಕ್ಯಾಮೆರಾ ಹಿಡಿದವರೇ ಕಾಣಲ್ಲ. ಕಾಡಿಗೆ ಯಾರೂ ಹೋಗೇ ಇಲ್ವೇನೋ ಅನ್ನಿಸುತ್ತೆ. ಅದಕ್ಕಿಂತ ಈ ಹಳೇ ಪುಸ್ತಕವೇ ಪ್ರಾಮಾಣಿಕ.